ಅಣ್ಣ ಮಲಗದ ನಿದ್ದೆ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಹುಣಸೂರು, ಪಿರಿಯಾಪಟ್ಟಣ, ಕೊನೆಗೆ ಎಚ್.ಡಿ. ಕೋಟೆ. ಎಲ್ಲೇ ಇರಲಿ, ಮೆದುಳಿನ ಪಾಠ ಬಂತೆಂದರೆ ನನಗೆ ವಿಶೇಷ ಉಮೇದು. ಬೋರ್ಡಿನ ಮೇಲೆ ಹೂಕೋಸಿನಂಥದ್ದೊಂದನ್ನು ಬರೆದು, "ಇದು ನಿಮ್ಮೆಲ್ಲರ ತಲೆಯಲ್ಲೂ ಇದೆ ಅಂತ ಪುಸ್ತಕ ಹೇಳುತ್ತೆ, ನಿಮ್ಮ ಉತ್ತರಪತ್ರಿಕೆ ನೋಡಿದರೆ ನಂಬಿಕೆ ಬರೋದಿಲ್ಲ" ಎಂದು ಶುರು ಮಾಡುತ್ತಿದ್ದೆ. ನೆನಪು ಎನ್ನುವುದು ಕಪಾಟಿನಲ್ಲಿಟ್ಟ ಫೋಟೋ ಅಲ್ಲ. ಪ್ರತಿ ಸಲ ನೆನೆಸಿಕೊಂಡಾಗಲೂ ಮೆದುಳು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಅಕ್ಕಪಕ್ಕ ಬಿದ್ದಿರುವ ಸಾಮಾನನ್ನೂ ಸೇರಿಸಿಬಿಡುತ್ತದೆ ಎಂದು ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಈ ಮಾತು ಲೋಕದ ಎಲ್ಲ ತಲೆಗಳಿಗೂ ಅನ್ವಯಿಸುತ್ತದೆ, ನನ್ನದೊಂದನ್ನು ಬಿಟ್ಟು ಎಂಬುದು ನನ್ನ ಖಾಸಗಿ ಅಭಿಪ್ರಾಯವಾಗಿತ್ತು.

ನಮ್ಮೂರು ಗಾವಡಗೆರೆಯ ಹತ್ತಿರ. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದೆವು. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ ಐದಾರು ದಿನ ಬೇಯಿಸುವುದು. ಒಲೆಯ ಶಾಖ ಒಳಗೆ ನೆಲದ ಮೇಲಿನ ದಪ್ಪ ಕೊಳವೆಗಳಲ್ಲಿ ಹರಿಯುತ್ತದೆ. ಒಬ್ಬರು ಹಗಲೂ ರಾತ್ರಿ ಕೂತು ಶಾಖ ನೋಡುತ್ತಿರಬೇಕು. ಒಂದು ವರ್ಷ ನಮ್ಮ ಬ್ಯಾರನ್ ಮಟಮಟ ಮಧ್ಯಾಹ್ನ ಹೊತ್ತಿ ಉರಿಯಿತು. ಕಾವಲಿಗೆ ಕೂತಿದ್ದವನು ನನ್ನ ಅಣ್ಣ. ಅವನಿಗೆ ಹದಿನೇಳು, ನನಗೆ ಹತ್ತು.

ಇದನ್ನು ನಾನು ಹೇಳಿದಷ್ಟು ಚೆನ್ನಾಗಿ ಯಾರೂ ಹೇಳಲಾರರು. ಅಣ್ಣ ಎರಡು ಮುದ್ದೆ ಉಂಡು ಒಲೆಯ ಮುಂದೆ ಅಂಗಾತ ಬಿದ್ದಿದ್ದಾನೆ. ಬಾಯಿ ತೆರೆದಿದೆ. ಪಕ್ಕದ ಮನೆಯ ಕೆಂಪು ಕೋಳಿ ಅವನ ಹೊಟ್ಟೆಯ ಮೇಲೆ ಕಾವು ಕೂತಿದೆ, ಅವನು ಉಸಿರೆಳೆದಾಗ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹಿಂದೆ ಬ್ಯಾರನ್ ಧಗಧಗ. ಕೋಳಿಯನ್ನು ನಾನು ಸೇರಿಸಿದ್ದು ಪಿರಿಯಾಪಟ್ಟಣದ ಒಂದು ಮದುವೆಯಲ್ಲಿ, ಅದು ನನಗೆ ಚೆನ್ನಾಗಿ ಗೊತ್ತು. ಉಳಿದದ್ದೆಲ್ಲ ನಾನು ಬೇಲಿ ಪಕ್ಕ ನಿಂತು ನೋಡಿದ್ದು. ಮೊದಮೊದಲು ಅಣ್ಣ, "ನಾನ್ ಮಲಗಿರ್ಲಿಲ್ಲ ಕಣ್ರಲಾ" ಎಂದು ಜಗಳಕ್ಕೆ ಬರುತ್ತಿದ್ದ. ಆ ಸಿಟ್ಟೇ ಕಥೆಗೆ ಒಗ್ಗರಣೆ. ಆಮೇಲಾಮೇಲೆ ಸುಮ್ಮನಾದ. ಇನ್ನೂ ಆಮೇಲೆ ನಗತೊಡಗಿದ. ಬ್ಯಾರನ್ ಕಾವಲಿಗೆ ಕೂಲಿಯವರನ್ನು ಇಟ್ಟು, ತಾನು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟ. ನಾನು ಅದನ್ನೂ ಕಥೆಗೆ ಸೇರಿಸಿಕೊಂಡೆ.

ಹೋದ ವರ್ಷ ಅಣ್ಣನ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಊಟವಾದ ಮೇಲೆ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದೆವು. ಮಗುವಿನ ತಾಯಿ, ಅಣ್ಣನ ಮಗಳು, ಹುಣಸೂರಿನ ಒಂದು ಶಾಲೆಯಲ್ಲಿ ಟೀಚರ್. ಸೋಮವಾರಕ್ಕೆ ಅವಳ ಹೆರಿಗೆ ರಜೆ ಮುಗಿಯುತ್ತದೆ, ಅತ್ತಿಗೆ ಬೆಳಿಗ್ಗೆ ಆಳುಗಳ ಜೊತೆ ಹೊಲಕ್ಕೆ ಹೋಗಬೇಕು.

"ಅಪ್ಪಾಜಿ, ಅವ್ವ ಬರೋಗಂಟ ಮಗೀನ ನೀವು ನೋಡ್ಕತೀರಾ? ಇಲ್ಲಾಂದ್ರೆ ನಾನು ಕೆಲ್ಸ ಬುಡಬೇಕಾಯ್ತದೆ" ಎಂದಳು.

ಅಣ್ಣ ಆ ಮಗುವನ್ನು ದಿನವಿಡೀ ಎತ್ತಿಕೊಂಡೇ ತಿರುಗುವವನು. ಆದರೆ ತಕ್ಷಣ ತಲೆಯಾಡಿಸಿದ. "ಒಬ್ನೇ ಆಗಕ್ಕಿಲ್ಲ ಕಣವ್ವ. ನಾನ್ ಮಲಗಿಬುಡೋನು. ಊರಿಗೇ ಗೊತ್ತು."

ಜಗಲಿ ತುಂಬ ನಗು. ಮಗಳು ಮಾತ್ರ ನಗಲಿಲ್ಲ. ಯಾರೋ, "ಮೇಷ್ಟ್ರೇ, ಅದೊಂದ್ ಸಲ ಹೇಳಿ" ಎಂದರು. ಕರೆದರೆ ಬಿಡುವವನೇ ನಾನು? ಕೋಳಿ ಹೊಟ್ಟೆಯ ಮೇಲೆ ಹತ್ತುವ ಜಾಗಕ್ಕೆ ಬಂದಿದ್ದೆ, ಸಾಲಿಗ್ರಾಮದ ನಮ್ಮ ಸೋದರತ್ತೆ ಬಾಯಿ ಹಾಕಿದರು. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ, ಬಾಯಿ ಚುರುಕು.

"ನೀನ್ ಎಲ್ಲಿ ನೋಡ್ದೆಯೋ? ನೀನು ಆಗ ನಮ್ಮನೇಲಿದ್ದೆ. ಮಂಗನಬಾವು ಬಂದು ಕೆನ್ನೆ ಎರಡೂ ಬೋಂಡ ಆಗಿದ್ವು. ಮನೇಲಿ ಬೇರೆ ಮಕ್ಕಳಿಗೆ ಅಂಟ್ತದೆ ಅಂತ ನಿಮ್ಮಪ್ಪ ತಂದು ಬುಟ್ಟೋಗಿದ್ದ. ಮೂರನೇ ದಿನಕ್ಕೆ ಬ್ಯಾರನ್ ಸುಟ್ಟೋಯ್ತು."

ಇನ್ನೊಮ್ಮೆ ನಗು, ಈ ಸಲ ನನ್ನ ಮೇಲೆ. ಅತ್ತೆ ನನ್ನನ್ನು ಹತ್ತಿರ ಕರೆದು, ತಮಗೆ ಮೆಲ್ಲಗೆ ಎನಿಸಿದ ದನಿಯಲ್ಲಿ ಉಳಿದದ್ದನ್ನೂ ಹೇಳಿದರು. ಪುಣ್ಯಕ್ಕೆ ಅಣ್ಣ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿದ್ದ.

"ನಿಮ್ಮಣ್ಣ ಏನೂ ಮಲಗಿರ್ಲಿಲ್ಲ. ಕಡ್ಡಿ ಸಡ್ಲವಾಗಿ ಕಟ್ಟಿ, ಸೊಪ್ಪು ಜಾರಿ ಕಾದ ಪೈಪ್ ಮೇಲೆ ಬಿದ್ದಿತ್ತು. ಅರ್ಧ ಸುಟ್ಟ ಕಡ್ಡೀನ ನಿಮ್ಮಪ್ಪ ಈಚೆಗೆ ಎಳೆದು ನೋಡಿದ್ರೆ, ಗಂಟು ಎಡಗೈದು. ಎಳೇ ಮಗ, ಅವನಿಗೆ ಈ ವಿಷ್ಯ ಏಳ್ಬ್ಯಾಡಿ ಅಂದ."

ಸೊಪ್ಪು ಕಟ್ಟುವವರಲ್ಲಿ ಒಬ್ಬೊಬ್ಬರ ಗಂಟೂ ಒಂದೊಂದು ಥರ. ಕಡ್ಡಿ ನೋಡಿದರೆ ಯಾರದ್ದೆಂದು ನಮ್ಮ ಕಡೆ ಯಾರಾದರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಎಡಚ ನಾನೊಬ್ಬನೇ.

ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ಉಳಿಯಿತು. ವಿಚಿತ್ರವೆಂದರೆ, ಇಷ್ಟು ಕೇಳಿದ ಮೇಲೂ ನನ್ನ ತಲೆಯೊಳಗೆ ಅಣ್ಣ ಅಂಗಾತ ಬಿದ್ದೇ ಇದ್ದ. ಬೇಲಿ, ಬಿಸಿಲು, ತೆರೆದ ಬಾಯಿ, ಯಾವುದೂ ಅಲುಗಲಿಲ್ಲ. ಮೂವತ್ತು ವರ್ಷ ಕಲಿಸಿದ ಪಾಠದಲ್ಲಿ ನಾನೇ ಫೇಲು. ನಾಚಿಕೆಯಾಯಿತು. ಒಂದು ನಗುವಿಗಾಗಿ ಒಬ್ಬ ಮನುಷ್ಯನ ಎಚ್ಚರವನ್ನೇ ಕಿತ್ತುಕೊಂಡಿದ್ದೆ.

ಮಾರನೇ ದಿನ ಅಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಾನಿದ್ದದ್ದು ಸಾಲಿಗ್ರಾಮದಲ್ಲಿ, ಗಂಟು ನನ್ನದು, ಕೋಳಿಯಂತೂ ಮದುವೆ ಮನೆಯಲ್ಲಿ ಹುಟ್ಟಿದ್ದು. ಅವನು ತಾಳ್ಮೆಯಿಂದ ಕೇಳಿ ನನ್ನ ಬೆನ್ನು ತಟ್ಟಿದ.

"ನನ್ ಮನಸ್ಸು ನೋಯಬಾರ್ದು ಅಂತ ಇಂಗೆ ಸುಳ್ಳು ಏಳ್ತಿದೀಯ. ಬುಡು. ನಂಗ್ ಗೊತ್ತಿಲ್ವಾ? ಆ ಕೋಳಿ ಭಾರ ಇನ್ನೂ ಹೊಟ್ಟೆ ಮೇಲೆ ಅದೆ ಕಣ್ಲಾ. ಎದ್ದಾಗ ಒಂದು ಕೆಂಪು ಪುಕ್ಕ ಅಂಗಿಗೆ ಅಂಟಿತ್ತು."

ಪುಕ್ಕ! ಅದನ್ನು ನಾನೂ ಹೇಳಿರಲಿಲ್ಲ. ನನ್ನ ಸುಳ್ಳು ಅವನ ತಲೆಯಲ್ಲಿ ಬೆಳೆದು ಪುಕ್ಕ ಉದುರಿಸುವ ಮಟ್ಟಕ್ಕೆ ಬಂದಿತ್ತು. ವಾದ ಮಾಡಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ಉಪದೇಶ ಕಿವಿಯೊಳಗೆ ಹೋಗದಿದ್ದರೆ ಪ್ರಾಕ್ಟಿಕಲ್ ಮಾಡಿಸಬೇಕು ಎಂಬುದು ನನ್ನ ಹಳೆಯ ಪದ್ಧತಿ.

ಸೋಮವಾರ ಬೆಳಿಗ್ಗೆ ಅಣ್ಣನ ಮಗಳನ್ನು ಬಸ್ಸು ಹತ್ತಿಸಿದೆ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅತ್ತಿಗೆಯನ್ನು ಹೊಲಕ್ಕೆ ಅಟ್ಟಿದೆ. ಆಮೇಲೆ ಅಣ್ಣನಿಗೆ, "ಟೀಪುಡಿ ಮುಗಿದಿದೆ, ಐದೇ ನಿಮಿಷ" ಎಂದು ಹೇಳಿ ಸ್ಕೂಟರ್ ಸ್ಟಾರ್ಟ್ ಮಾಡಿದೆ. ಡಬ್ಬದ ತುಂಬ ಟೀಪುಡಿ ಇತ್ತು. "ಲೇ, ನಿಂತ್ಕಳ್ಲಾ! ನಿಂತ್ಕಳ್ಲಾ!" ಎಂದು ಅವನು ಗೇಟಿನ ತನಕ ಓಡಿ ಬಂದು, ತೊಟ್ಟಿಲ ನೆನಪಾಗಿ ಅಷ್ಟೇ ಜೋರಾಗಿ ವಾಪಸು ಓಡಿದ. ನಾನು ದೂರವೇನೂ ಹೋಗಲಿಲ್ಲ. ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಎರಡು ಗಂಟೆ ಕಾಲ ಎಮ್ಮೆಯ ಮುಖ ನೋಡುತ್ತಾ ಕೂತೆ. ಮಗು ಅತ್ತಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಅವನ ಜೋಗುಳ ಕೇಳಿಸಿದರೆ ಮತ್ತೆ ಕೂರುತ್ತಿದ್ದೆ.

ವಾಪಸು ಬಂದಾಗ ಅಣ್ಣ ತೊಟ್ಟಿಲ ಪಕ್ಕ ನೆಲದ ಮೇಲೆ ನೆಟ್ಟಗೆ ಕೂತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಎರಡ್ ಸಲ ಎದ್ಲು. ಹಾಲು ಕುಡಿಸ್ದೆ. ಒಂದ್ ಸಲ ನೊಣ ಬಂತು, ಓಡಿಸ್ದೆ" ಎಂದು ವರದಿ ಕೊಟ್ಟ. ಮಗುವಿನ ಹೊದಿಕೆ ಸರಿಮಾಡಿದ. "ಕಣ್ಣೇ ಮುಚ್ಚಿಲ್ಲ ಕಣ್ಲಾ."

ನಾನು ಅವನ ಪಕ್ಕ ನೆಲದ ಮೇಲೆ ಕೂತೆ.

"ಅವತ್ತು ಬ್ಯಾರನ್ ಒಳಗೆ ದಪ್ ಅಂತ ಏನೋ ಬಿತ್ತು. ನಾನು ಸೌದೆ ಕೈಲಿ ಹಿಡ್ಕಂಡಿದ್ದೆ ಅನ್ನಿಸ್ತದೆ. ಓಡಿ ಬಾಗ್ಲು ತಗದೆ" ಎಂದ. ಆಮೇಲೆ ಎಪ್ಪತ್ತರ ಹತ್ತಿರ ಬಂದ ನನ್ನ ಅಣ್ಣ ಹೆದರಿದ ಕಣ್ಣಿನಿಂದ ನನ್ನನ್ನು ನೋಡಿ ಕೇಳಿದ, "ನಾನ್ ಎದ್ದಿದ್ದೆ ಅಲ್ವೇನ್ಲಾ?"

ಅದು ಅವನಿಗೆ ಮರಳಿ ಬಂದ ನೆನಪೋ, ನಿನ್ನೆ ಮೊನ್ನೆ ನಾನೇ ಬಿತ್ತಿದ್ದೋ, ಯಾವ ಪುಸ್ತಕವೂ ಹೇಳಲಾರದು. ಸಾಲಿಗ್ರಾಮದಲ್ಲಿ ಕೆನ್ನೆ ಊದಿಸಿಕೊಂಡು ಮಲಗಿದ್ದ ನಾನು ಅವನ ಕೈ ಹಿಡಿದುಕೊಂಡೆ.

"ಹೂಂ ಕಣಣ್ಣ, ಎದ್ದಿದ್ದೆ" ಎಂದೆ. "ನಾನು ನೋಡಿದ್ದೀನಿ."