ಪಕೀರಮ್ಮನ ಖಾರದ ತತ್ತಿ

ದಿನಾ ಮಧ್ಯಾಹ್ನ ಒಂದು ಗಂಟೆಗೆ ಆಂಧ್ರದ ಗಡಿಭಾಗದ ಆ ಹಳ್ಳಿಯ ಹೈಸ್ಕೂಲಿನ ಹಿಂದಿನ ಬೇವಿನ ಮರದ ಕೆಳಗೆ ಹಳದಿ ಉಂಡೆಗಳು ಬೀಳುತ್ತಿದ್ದವು. ಮಕ್ಕಳು ಬಿಸಿಯೂಟದ ಮೊಟ್ಟೆ ಬಿಡಿಸಿ, ಬಿಳಿಯದನ್ನು ಬಾಯಿಗೆ ಹಾಕಿಕೊಂಡು, ಒಳಗಿನ ಹಳದಿಯನ್ನು ಗೋಲಿಯಂತೆ ಗುರಿಯಿಟ್ಟು ಎಸೆಯುತ್ತಿದ್ದರು. ಊರ ನಾಯಿಗಳು ಬೆಲ್ಲು ಹೊಡೆಯುವ ಮೊದಲೇ ಬಂದು ಸಾಲಾಗಿ ಕೂತಿರುತ್ತಿದ್ದವು. ತಿಂದು ತಿಂದು ಅವು ಎಷ್ಟು ಕೊಬ್ಬಿದ್ದವೆಂದರೆ, ಎದುರಿಗೆ ಆಟೋ ಬಂದು ಹಾರನ್ ಹೊಡೆದರೂ ಏಳುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಪಕೀರಮ್ಮ ಇದನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದಳು. ಒಂದು ದಿನವೂ ಮಕ್ಕಳನ್ನು ಗದರಿದವಳಲ್ಲ. ಆದರೆ ಒಂದೊಂದು ಉಂಡೆ ಮಣ್ಣಿಗೆ ಬಿದ್ದಾಗಲೂ ಆಕೆ ಮುಖ ಆಚೆ ತಿರುಗಿಸುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಪಕೀರಮ್ಮ ಹುಟ್ಟಿದ್ದು ನಂದವರಂ ಕಡೆಯ ಕುರಿಗಾರರ ಮನೆಯಲ್ಲಿ. ಐವರು ಮಕ್ಕಳು. ಮನೆಯಲ್ಲಿ ಕೋಳಿಗಳಿದ್ದರೂ ಮೊಟ್ಟೆಗಳೆಲ್ಲ ಬುಟ್ಟಿಯಲ್ಲಿ ಕೂತು ಎಮ್ಮಿಗನೂರಿನ ಸಂತೆಗೆ ಹೋಗುತ್ತಿದ್ದವು. ಯಾರಿಗಾದರೂ ಜ್ವರ ಬಂದರೆ ಮಾತ್ರ ಒಂದು ಮೊಟ್ಟೆ ಬೇಯುತ್ತಿತ್ತು. ಅವ್ವ ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತು, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ, ಮೊಟ್ಟೆಯನ್ನು ಐದು ಹೋಳು ಮಾಡುತ್ತಿದ್ದಳು. ಬಿಳಿ ಎಲ್ಲರಿಗೂ, ಹಳದಿ ಜ್ವರ ಬಂದವರಿಗೆ. ಹಳದಿಯ ಆಸೆಗೆ ತನಗೂ ಜ್ವರ ಬರಲಿ ಎಂದು ಪಕೀರಮ್ಮ ಎಷ್ಟೋ ಸಲ ದೇವರನ್ನು ಬೇಡಿಕೊಂಡಿದ್ದಳು.

ಮುಂದೆ ಪಕ್ಕದೂರಿನ ಜಂಬಪ್ಪನ ಜೊತೆ ಮದುವೆಯಾಯಿತು. ಅವನದೂ ಕುರಿಯ ಬದುಕೇ. ಸ್ಕೂಲಿಗೆ ಅಡುಗೆಯವರು ಬೇಕೆಂದಾಗ ಊರವರು ಆಕೆಯನ್ನೇ ಮುಂದೆ ಮಾಡಿದರು. ಕೈಕೆಳಗೆ ಭವಾನಿ ಎಂಬ ಇನ್ನೊಬ್ಬಳು. ಇಬ್ಬರೂ ಸೇರಿ ಇನ್ನೂರ ಹತ್ತು ಮಕ್ಕಳಿಗೆ ಅನ್ನ, ಸಾರು, ಮೊಟ್ಟೆ. ಮೂವತ್ತರ ಏಳು ಟ್ರೇ ಮೊಟ್ಟೆ ದೊಡ್ಡ ಬೋಗೋಣಿಯಲ್ಲಿ ಹತ್ತು ಗಂಟೆಗೇ ಒಲೆಯೇರುತ್ತಿತ್ತು. ಊಟದ ಹೊತ್ತಿನವರೆಗೂ ಅದೇ ಬಿಸಿನೀರಲ್ಲಿ ಇರುತ್ತಿತ್ತು.

ಆ ವರ್ಷ ವಿಜ್ಞಾನ ಹೇಳಿಕೊಡಲು ಮೌನಿಕಾ ಮೇಡಂ ಬಂದರು. ಆದವಾನಿಯ ಹುಡುಗಿ, ದಿನಾ ಬಸ್ಸಿನಲ್ಲಿ ಓಡಾಟ. ಬಂದ ವಾರವೇ ಬೇವಿನ ಮರದ ಕೆಳಗಿನಿಂದ ಒಂದು ಹಳದಿ ಉಂಡೆ ಹೆಕ್ಕಿಕೊಂಡು ಅಡುಗೆಮನೆಗೆ ಬಂದು ನಿಂತರು.

"ಪಕೀರಮ್ಮವ್ವಾ, ಇದನ್ನ ನೋಡ್ರಿ. ಹಳದಿ ಸುತ್ತ ಹಸಿರು ಬಣ್ಣ ಬಂದೈತಿ. ಹೆಚ್ಚು ಬೆಂದ್ರ ಹಿಂಗಾಕ್ಕೈತಿ. ಹಿಟ್ಟಿನಂಗ ಗಂಟಲಿಗೆ ಹಿಡೀತೈತಿ. ಅದಕ್ಕ ಮಕ್ಕಳು ಎಸೀತಾರ."

ಪಕೀರಮ್ಮನಿಗೆ ಸಿಟ್ಟು ಬಂತು. "ಹನ್ನೊಂದು ವರ್ಷದಿಂದ ಬೇಯಿಸೀನಿ ಮೇಡಮ್ಮಾ. ಇವತ್ತು ಬಂದು ನಂಗ ತತ್ತಿ ಬೇಯಿಸಾದು ಹೇಳ್ತೀರಾ?"

ಮೇಡಂ ನಕ್ಕರು, ಆದರೆ ಹಿಂದೆ ಸರಿಯಲಿಲ್ಲ. "ಹನ್ನೊಂದು ವರ್ಷ ಅಂದ್ರ ಎಷ್ಟು ತತ್ತಿ ಆಗಿರ್ಬಹುದು, ಯಾವಾಗರ ಲೆಕ್ಕ ಹಾಕೀರೇನು?" ಎಂದು ಗೋಡೆಗೆ ಒರಗಿ ಮನಸ್ಸಿನಲ್ಲೇ ಗುಣಿಸಿದರು. ಮೊದಲ ವರ್ಷಗಳಲ್ಲಿ ವಾರಕ್ಕೆ ಎರಡೇ ಮೊಟ್ಟೆ, ಆಮೇಲೆ ಐದು. ರಜೆ ಕಳೆದರು. "ಮೂರು ಲಕ್ಷ ಆತ್ರಿ, ಕಡಿಮಿ ಅಂದ್ರೂ. ಒಂದರ ಹಿಂದೊಂದು ಸಾಲಾಗಿ ಇಟ್ರ ಎಮ್ಮಿಗನೂರಿನಿಂದ ಆದವಾನಿ ದಾರ್ಯಾಗ ಅರ್ಧಕ್ಕಿಂತ ಮುಂದ ಹೋಗ್ತಾವ."

ಪಕೀರಮ್ಮ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಆ ದಾರಿಯಲ್ಲಿ ಆಕೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದಳು. ಹತ್ತಿ ಹೊಲಗಳ ನಡುವೆ ಬಸ್ಸು ಓಡುತ್ತಲೇ ಇರುತ್ತದೆ, ಓಡುತ್ತಲೇ ಇರುತ್ತದೆ. ಆ ದಾರಿಯ ಅಂಚಿಗೆ ಬೆಳ್ಳಗೆ ಸಾಲುಗಟ್ಟಿದ ಮೊಟ್ಟೆಗಳು ಕಣ್ಣಿಗೆ ಕಟ್ಟಿದವು. ಅಷ್ಟನ್ನೂ ಈ ಎರಡು ಕೈಗಳೇ ನೀರಿಗೆ ಇಳಿಸಿ ಮೇಲೆತ್ತಿದ್ದವೆಂದು ಆಕೆಗೆ ನಂಬಲಾಗಲಿಲ್ಲ. ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮರುದಿನ ಯಾರಿಗೂ ಹೇಳದೆ, ಮೊಟ್ಟೆ ಬೆಂದ ಕೂಡಲೇ ಬಿಸಿನೀರು ಚೆಲ್ಲಿ ಒಂದು ಕೊಡ ತಣ್ಣೀರು ಸುರಿದಳು. ಸಿಪ್ಪೆ ಸಲೀಸಾಗಿ ಬಂತು, ಒಳಗೆ ಹಸಿರು ಇರಲಿಲ್ಲ. ಎಸೆಯುವ ಮಕ್ಕಳು ಮಾತ್ರ ಎಸೆದೇ ಎಸೆದರು. ಅಭ್ಯಾಸ ಬಿದ್ದ ಕೈ.

ಫೆಬ್ರವರಿಯಲ್ಲಿ ಹತ್ತನೇ ಕ್ಲಾಸಿನವರಿಗೆ ಬೀಳ್ಕೊಡುಗೆಯ ಪಾರ್ಟಿ ಮಾಡುವುದೆಂದು ಹೆಡ್‌ಮಾಸ್ಟರ್ ಲಕ್ಷ್ಮಿಕಾಂತ್ ಸಾರು ತೀರ್ಮಾನಿಸಿದರು. ಊಟದಲ್ಲಿ ಏನಾದರೂ ಹೊಸದು ಇರಲಿ ಎಂದರು. ಮೌನಿಕಾ ಮೇಡಂ ಫೋನು ತೆಗೆದು ಪಕೀರಮ್ಮನಿಗೆ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಹೆಂಗಸು ಬೆಂದ ಮೊಟ್ಟೆಯನ್ನು ಸೀಳಿ, ಹಳದಿ ತೆಗೆದು, ಅದಕ್ಕೆ ಏನೇನೋ ಕಲಸಿ, ಮತ್ತೆ ಅದೇ ಗುಂಡಿಯೊಳಗೆ ತುಂಬುತ್ತಿದ್ದಳು.

"ತೆಗದು ಮತ್ತ ಅಲ್ಲೇ ಇಡಾಕ ಯಾಕ ತೆಗೀಬೇಕು?" ಎಂದಳು ಪಕೀರಮ್ಮ.

"ಹೋಗುವಾಗ ಬರೇ ಹಳದಿ, ಬರುವಾಗ ಖಾರ, ಚೀಜ್ ಎಲ್ಲ ಹೊತ್ಕೊಂಡು ಬರ್ತೈತಲ್ರೀ."

ಆ ಮಾತು ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ಭಾನುವಾರ ಮನೆಯಲ್ಲಿ ಆರು ಮೊಟ್ಟೆ ಬೇಯಿಸಿದಳು. ಚಾಕುವಿನಿಂದ ಕೊಯ್ದರೆ ಹಳದಿ ಚಾಕುವಿಗೇ ಅಂಟಿ ಬಿಳಿಗೆಲ್ಲ ಬಳಿದುಕೊಂಡಿತು. ಎರಡನೆಯದರಲ್ಲಿ ಹಳದಿ ಒಂದು ಬದಿಗೆ ವಾಲಿ ಕೂತಿತ್ತು. ಆ ಕಡೆಯ ಬಿಳಿಗೋಡೆ ಕಾಗದದಷ್ಟು ತೆಳ್ಳಗೆ, ಬೆರಳು ತಾಗಿದರೆ ಹರಿಯಿತು. ಪಕೀರಮ್ಮ ಚಾಕು ಬದಿಗಿಟ್ಟಳು. ಆಮೇಲೆ ಎದ್ದು ಹಳೆಯ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತಳು. ಹಲ್ಲಲ್ಲಿ ಕಚ್ಚಿದಳು. ಐವತ್ತು ವರ್ಷದ ಹಿಂದೆ ನೋಡಿದ್ದು, ಕಣ್ಣು ಮರೆತಿರಲಿಲ್ಲ. ಮೊಟ್ಟೆ ಎರಡು ಹೋಳಾಗಿ ಅಂಗೈಯಲ್ಲಿ ಮಲಗಿತು, ಒರೆಸಿಟ್ಟಷ್ಟು ಚೊಕ್ಕಟ.

ಹಳದಿ ವಾಲುವುದಕ್ಕೆ ಉಪಾಯ ಆಕೆಗೆ ತಾನಾಗಿಯೇ ಹೊಳೆಯಿತು. ಮತ್ತೆ ಕೆಲವು ಮೊಟ್ಟೆ ಒಲೆಗಿಟ್ಟು, ನೀರು ಕುದಿಯುವ ಹೊತ್ತಿಗೆ ಮರದ ಸೌಟಿನಿಂದ ಮೊಟ್ಟೆಗಳನ್ನು ಮೆಲ್ಲಗೆ ಸುತ್ತ ತಿರುಗಿಸುತ್ತ ಹೋದಳು. ಒಳಗೆ ಗಟ್ಟಿಯಾಗುವ ತನಕ ಹಳದಿಯನ್ನು ಒಂದು ಬದಿಗೆ ಮಲಗಲು ಬಿಡಬಾರದು, ಅಷ್ಟೇ. ಆ ಸಲ ಕೊಯ್ದಾಗ ಹಳದಿ ನಟ್ಟನಡುವೆ ಇತ್ತು.

ಚೀಜ್ ಮಾತ್ರ ಆಕೆಗೆ ಹೊಸದು. ಮೇಡಂ ಆದವಾನಿಯಿಂದ ತಂದುಕೊಟ್ಟ ಒಂದು ತುಂಡನ್ನು ನೆಕ್ಕಿ ನೋಡಿ, "ಸೋಪಿನಂಗೈತಿ" ಎಂದು ಮುಖ ಕಿವುಚಿದ್ದಳು. ಹಣ್ಣು ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಕುಟ್ಟಿದ ಖಾರ ಮನೆಯಲ್ಲಿತ್ತು. ಅದನ್ನು ಹಳದಿಯೊಂದಿಗೆ ಮೊಸರು ಬಿಟ್ಟು ಕಲಸಿ, ಚೀಜ್ ತುರಿದು ಸೇರಿಸಿ, ಕೊತ್ತಂಬರಿ ಉದುರಿಸಿ ತುಂಬಿದಳು. ಮೇಲೆ ಇನ್ನಷ್ಟು ತುರಿ. ವಿಡಿಯೋದ ಹೆಂಗಸು ಅಷ್ಟಕ್ಕೇ ನಿಲ್ಲಿಸಿದ್ದಳು. ಪಕೀರಮ್ಮನಿಗೆ ಅದು ಹಸಿಹಸಿ ಅನ್ನಿಸಿತು. ರೊಟ್ಟಿಯ ಹಂಚನ್ನು ಕೆಂಪಾಗುವವರೆಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಮೊಟ್ಟೆಯ ಮೇಲೆ ಒಂದು ಬೆರಳೆತ್ತರದಲ್ಲಿ ನಿಲ್ಲಿಸಿದಳು. ಚೀಜ್ ಬೆವರಿತು, ನಡುಗಿತು, ಕರಗಿ ಖಾರದ ಮೇಲೆ ಹರಡಿ ಅಲ್ಲಲ್ಲಿ ಕಂದು ಚುಕ್ಕಿ ಇಟ್ಟಿತು. ಒಂದನ್ನು ಬಾಯಿಗೆ ಹಾಕಿಕೊಂಡವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಮೂರು ಲಕ್ಷ ಮೊಟ್ಟೆ ಬೇಯಿಸಿದವಳಿಗೆ, ಮೊಟ್ಟೆಯೊಳಗೆ ಇಂಥದ್ದೊಂದು ರುಚಿ ಅಡಗಿ ಕೂತಿತ್ತೆಂದು ಗೊತ್ತೇ ಇರಲಿಲ್ಲ.

ಪಾರ್ಟಿಯ ದಿನ ಬೆಳಗ್ಗೆ ಆರಕ್ಕೇ ಒಲೆ ಹತ್ತಿತು. ಏಳು ಟ್ರೇ ಮಕ್ಕಳಿಗೆ, ಹೆಡ್‌ಮಾಸ್ಟರ್ ತಂದ ಇನ್ನೊಂದು ಟ್ರೇ ದೊಡ್ಡವರಿಗೆ.

"ಅಕ್ಕಾ, ನಾಕುನೂರ ಎಂಬತ್ತು ಹೋಳು. ಇಬ್ರೇ ಅದೀವಿ. ಹುಚ್ಚೇನು ನಿಂಗ?" ಎಂದಳು ಭವಾನಿ.

"ನೀ ಸಿಪ್ಪಿ ತೆಗಿ. ಕೊಯ್ಯಾದು ನಂಗ ಬಿಡು."

ಒಂಬತ್ತು ಗಂಟೆಗೆ ಮೌನಿಕಾ ಮೇಡಂ ಒಳಗೆ ಬಂದರು. ಇದನ್ನೆಲ್ಲ ವಿಡಿಯೋ ಮಾಡಬೇಕೆಂದು ಫೋನು ಕೈಯಲ್ಲೇ ಹಿಡಿದಿದ್ದರು. ಪಕೀರಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಎಡಗೈಯಲ್ಲಿ ಮೊಟ್ಟೆ, ಹಲ್ಲಿನಿಂದ ಬಲಗೈ ಬೆರಳಿಗೆ ಬಿಗಿದ ಎಳೆ. ಕತ್ತು ಒಂದಿಷ್ಟು ಬಾಗುತ್ತಿತ್ತು, ಮೊಟ್ಟೆ ಎರಡಾಗುತ್ತಿತ್ತು. ಕಣ್ಣು ಮೊಟ್ಟೆಯ ಮೇಲೂ ಇರಲಿಲ್ಲ. ಒಲೆಯ ಮೇಲಿನ ಬೋಗೋಣಿಯ ಕಡೆ ಇತ್ತು. ಪರಾತದಲ್ಲಿ ಅರೆಹೋಳುಗಳು ಸಾಲುಸಾಲಾಗಿ ತುಂಬುತ್ತ ಹೋದವು, ಎಲ್ಲದರ ನಡುವೆಯೂ ಒಂದೇ ಅಳತೆಯ ಹಳದಿ. ಮೇಡಂ ಫೋನು ಮರೆತರು. ಪ್ರಯೋಗಾಲಯದಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪದಂತೆ ಕೆಲಸ ಮಾಡಿ ಎಂದು ಮಕ್ಕಳಿಗೆ ಹೇಳುವ ಅವರು, ಸ್ಕೇಲೂ ಇಲ್ಲದೆ ಗಡಿಯಾರವೂ ಇಲ್ಲದೆ ನಡೆಯುತ್ತಿದ್ದ ಆ ಕೆಲಸವನ್ನು ಬಾಗಿಲ ಬಳಿಯೇ ನಿಂತು ಅರ್ಧ ಗಂಟೆ ನೋಡಿದರು.

"ಎಲ್ಲಿ ಕಲ್ತ್ರಿ ಅವ್ವಾ?" ಎಂದರು ಕೊನೆಗೆ, ಮೆಲ್ಲಗೆ.

ಪಕೀರಮ್ಮ ಹಲ್ಲಿನಿಂದ ಎಳೆ ಬಿಟ್ಟಳು. "ಹಸಿವಿನಾಗ" ಎಂದಳು. ಮತ್ತೆ ಕಚ್ಚಿಕೊಂಡಳು.

ಮಧ್ಯಾಹ್ನ ನಾಲ್ಕು ಹಂಚು ಒಟ್ಟಿಗೆ ಕೆಂಪಾದವು. ಭವಾನಿಯೂ ಮೇಡಮ್ಮೂ ಸಾಲಿನ ಎರಡು ತುದಿಗೆ ನಿಂತು ಹಂಚು ಹಿಡಿದರು. ಚೀಜ್ ಕರಗುವ ವಾಸನೆಗೆ ಬೆಂದ ಖಾರದ ಘಾಟು ಬೆರೆತು ಅಂಗಳಕ್ಕೆ ಹಬ್ಬಿತು. ಮಕ್ಕಳು ತಟ್ಟೆ ಹಿಡಿದು ಬಂದರು, ತಟ್ಟೆಗೆರಡು ಹೋಳು. ಹತ್ತನೇ ಕ್ಲಾಸಿನ ಸುಹಾಸಿನಿ, ಐದು ವರ್ಷದಲ್ಲಿ ಒಂದು ದಿನವೂ ಹಳದಿ ಮುಟ್ಟದ ಹುಡುಗಿ, ಬೆರಳಲ್ಲಿ ಚುಚ್ಚಿ ಕೇಳಿದಳು: "ಅವ್ವಾ, ಇದರಾಗ ಹಳದಿ ಐತೇನು?"

"ತಿಂದು ನೀನ ಹೇಳು" ಎಂದಳು ಪಕೀರಮ್ಮ.

ಆಮೇಲೆ ನಡೆದದ್ದು ಆಕೆಗೆ ಮೊದಲು ಭಯ ಹುಟ್ಟಿಸಿತು. ಇನ್ನೂರ ಹತ್ತು ಮಕ್ಕಳು ಉಣ್ಣುವ ಅಂಗಳದಲ್ಲಿ ಸದ್ದೇ ಇಲ್ಲ. ದಿನಾ ತಟ್ಟೆಯ ಬಡಿತ, ಕಿರುಚಾಟ, ಜಗಳ. ಇಂದು ಬೇವಿನೆಲೆ ಅಲುಗುವುದೂ ಕೇಳುತ್ತಿತ್ತು. ಖಾರ ಜಾಸ್ತಿಯಾಯಿತೇ, ಏನಾದರೂ ಕೆಟ್ಟಿತೇ? ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಮಕ್ಕಳು ಉಣ್ಣುತ್ತಿದ್ದರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಹಸ್ ಹಸ್ ಎನ್ನುತ್ತ, ಬೆರಳು ನೆಕ್ಕುತ್ತ, ಒಬ್ಬರ ಮುಖ ಒಬ್ಬರು ನೋಡದೆ. ಸುಹಾಸಿನಿಯ ತಟ್ಟೆ ಖಾಲಿ. ಮರದ ಕೆಳಗೆ ಒಂದು ಚೂರೂ ಬಿದ್ದಿರಲಿಲ್ಲ. ಆರನೇ ಕ್ಲಾಸಿನ ಸಾಲಿನಿಂದ ಒಂದು ಸಣ್ಣ ಹುಡುಗಿ ತಟ್ಟೆ ಎತ್ತಿ ಹಿಡಿದು ತೆಲುಗಿನಲ್ಲಿ ಕೂಗಿದಳು: "ಅವ್ವಾ, ಇಂಕೊಕಟಿ!" ಆ ಕೂಗಿಗೆ ಅಂಗಳವೆಲ್ಲ ಒಮ್ಮೆಲೇ ಬಾಯಿ ಬಿಟ್ಟಿತು: ಇನ್ನೊಂದು, ಇನ್ನೊಂದು.

ದೊಡ್ಡವರಿಗೆಂದು ಎತ್ತಿಟ್ಟ ಪರಾತವನ್ನೂ ಲಕ್ಷ್ಮಿಕಾಂತ್ ಸಾರು ತಾವೇ ಹೊತ್ತು ಮಕ್ಕಳ ನಡುವೆ ನಡೆದರು.

ಭಾಷಣ, ಹಾಡು ಎಲ್ಲ ಮುಗಿದ ಮೇಲೆ ಸಾರು ಮೈಕಿನಲ್ಲಿ ಪಕೀರಮ್ಮನ ಹೆಸರು ಕೂಗಿದರು. ಕಸ ಗುಡಿಸಲು ಬಿಟ್ಟು ಬೇರೆ ಯಾವ ಕಾರಣಕ್ಕೂ ಆ ವೇದಿಕೆ ಹತ್ತದವಳು ಹಿಂದೆ ಹಿಂದೆ ಸರಿದಳು. ಭವಾನಿ ಬೆನ್ನಿಗೆ ಕೈಯಿಟ್ಟು ತಳ್ಳಿದಳು. ಮೈಕಿನ ಮುಂದೆ ನಿಂತರೆ ಇನ್ನೂರ ಹತ್ತು ಮುಖಗಳು. ಆ ಮುಖಗಳನ್ನು ಆಕೆ ದಿನಾ ನೋಡುತ್ತಿದ್ದಳು, ಆದರೆ ಯಾವಾಗಲೂ ತಟ್ಟೆಯ ಮೇಲೆ ಬಾಗಿದ್ದನ್ನು. ಎಲ್ಲವೂ ಒಟ್ಟಿಗೆ ತನ್ನ ಕಡೆ ಎತ್ತಿದ್ದನ್ನು ಕಂಡದ್ದು ಇದೇ ಮೊದಲು. ಮೈಕಿಗೆ ಬಾಗಿದಳು. ಏನೂ ತೋಚದೆ, ದಿನಾ ಕೇಳುವುದನ್ನೇ ಕೇಳಿದಳು.

"ಹೊಟ್ಟಿ ತುಂಬ ಉಂಡ್ರೇನು?"

"ಉಂಡ್ವೀ!" ಎಂಬ ಸದ್ದಿಗೆ ಮೈಕೇ ಕಿರ್ರೆಂದಿತು. ಪಕೀರಮ್ಮ ಯಾಕೋ ಎರಡೂ ಕೈ ಎತ್ತಿ ಮಕ್ಕಳಿಗೇ ಮುಗಿದಳು.

ಸಂಜೆ ಮನೆಯಲ್ಲಿ ಜಂಬಪ್ಪ ಕುರಿಗಳನ್ನು ಹಟ್ಟಿಗೆ ಕೂಡುತ್ತಿದ್ದ. ಡಬ್ಬಿಯಲ್ಲಿ ಮುಚ್ಚಿ ತಂದಿದ್ದ ಎರಡು ಹೋಳನ್ನು ಆಕೆ ಅವನ ಕೈಗಿತ್ತಳು. ಒಂದನ್ನು ತಿಂದು, ನಾಲಗೆ ಚಪ್ಪರಿಸಿ, "ಏನಿದು?" ಎಂದ.

"ತತ್ತಿ."

"ಸುಳ್ಳು ಹೇಳಬ್ಯಾಡ."

"ನಿನ್ನಾಣೆ, ತತ್ತೀನ. ನಾಕುನೂರ ಎಂಬತ್ತು ಮಾಡಿದ್ದೆ. ಈ ಎರಡ ಉಳದ್ವು."

ಮಾತು ಕಡಿಮೆಯ ಮನುಷ್ಯ ಜಂಬಪ್ಪ. ಎರಡನೆಯದನ್ನು ತಿನ್ನದೆ ಡಬ್ಬಿಗೆ ಹಿಂದಿಟ್ಟು, "ಇದನ್ನ ನೀ ತಿನ್ನು" ಎಂದ. ಆಕೆ ತಿನ್ನುವುದನ್ನು ಎದುರಿಗೆ ಕೂತು ನೋಡಿದ.

ಸೋಮವಾರದಿಂದ ಎಂದಿನ ಮೊಟ್ಟೆಯೇ. ಚೀಜ್ ದಿನಾ ಎಲ್ಲಿಂದ ಬರಬೇಕು? ಆದರೆ ಶುಕ್ರವಾರ ಶುಕ್ರವಾರ ಪಕೀರಮ್ಮ ಹಳದಿ ತೆಗೆದು, ಖಾರ ಕಲಸಿ ತುಂಬುತ್ತಾಳೆ. ಎಲ್ಲ ಮಕ್ಕಳೂ ತಿನ್ನುತ್ತಾರೆಂದಲ್ಲ. ಇಬ್ಬರು ಮೂವರು ಈಗಲೂ ಮೂಗು ಮುರಿಯುತ್ತಾರೆ. ಜೂನಿನಲ್ಲಿ ಆರನೇ ಕ್ಲಾಸಿಗೆ ಹೊಸ ಮಕ್ಕಳು ಸೇರಿದರು. ಮೊದಲ ವಾರವೇ ಅವರಲ್ಲೊಬ್ಬಳು ಅಡುಗೆಮನೆಯ ಕಿಟಕಿಗೆ ಜೋತುಬಿದ್ದು ಕೇಳಿದಳು: "ಅವ್ವಾ, ಶುಕ್ರವಾರ ಯಾವಾಗ ಬರ್ತೈತಿ?"