ಇರ್ಫಾನನ ಸನ್ಮಾನದ ಬಿಳಿ ಶಾಲು

ಗೆಳೆಯರೇ, ಇವತ್ತು ಪಾರ್ವತಿನಗರದಾಗ ಇರ್ಫಾನಗ ಸನ್ಮಾನ ಇತ್ತು. ನಾನು ಡ್ರಮ್ ಬಾರಿಸ್ತಿದ್ದ ರಾಕ್ ಬ್ಯಾಂಡಿನಾಗ ಗಿಟಾರ್ ಹಿಡದು ಕುಣೀತಿದ್ನಲ್ಲ, ಅದೇ ಇರ್ಫಾನ್. ಈಗ ಗಿಟಾರ್ ಮಾರಿ, ಗಣಿ ಕೂಲಿಯವರ ಗುಡಿಸಲಿಗೆ ನೀರು, ಔಷಧ ಹೊರ್ತಾನ. ಸನ್ಮಾನ ಮಾಡಾವ್ರು ಒಬ್ಬ ಕಬ್ಬಿಣದ ಗಣಿ ಧಣಿ. ನಿರೂಪಣೆ ನಂದು, ಮೈಕ್ ನನ್ನ ಕೈಯಾಗ.

ಧಣಿ ಬಿಳಿ ಶಾಲು ಹೊದಿಸಿದ್ರು. ಇರ್ಫಾನ್ ಅದನ್ನ ತೆಗದು, ತನ್ನ ಜೋಡಿ ಬಂದಿದ್ದ ಗಣಿ ಕೂಲಿ ಹುಲಿಗೆಮ್ಮಗ ಹೊದಿಸಿದ. ಅಕಿಗೆ ಕೆಮ್ಮು ಬಂತು. ಶಾಲಿನ ತುದಿ ಬಾಯಿಗೆ ಹಿಡಕೊಂಡ್ಲು. ತೆಗದ್ರ ಕೆಂಪಗ ಆಗಿತ್ತು!

ಧಣಿ ಹಿಂದ ಸರದ್ರು. "ಅಯ್ಯಯ್ಯೋ, ರಕ್ತ! ದವಾಖಾನಿಗೆ ಒಯ್ರಿ!"

ಹುಲಿಗೆಮ್ಮನೇ ಅವರಿಗೆ ಸಮಾಧಾನ ಹೇಳಿದ್ಲು. "ಅಂಜಬ್ಯಾಡ್ರಿ ಧಣ್ಯಾರ, ರಕ್ತ ಅಲ್ಲ. ನಿಮ್ಮ ಗಣಿ ಧೂಳ್ರಿ. ದಿನಾ ಬರ್ತೈತಿ."

ಇರ್ಫಾನ್ ಅಕಿನ್ನ ಕರಕೊಂಡು ವೇದಿಕಿ ಇಳದು ಹೋಗಿಬಿಟ್ಟ. ಧಣಿ ಕ್ಯಾಮರಾದವನ ಕಡೆ ನೋಡಿದ್ರು, ಆಮ್ಯಾಲೆ ನನ್ನ ಕಡೆ. "ಫೋಟೋನ ಆಗಿಲ್ಲಲ್ರಿ. ಬ್ಯಾರೆ ಶಾಲು ತರ್ರಿ."

ತಂದ್ರು. ಹೊದಿಸಾಕ ಇರ್ಫಾನ್ ಇಲ್ಲ. ನನಗ ಹೊದಿಸಿದ್ರು! "ಜೋರಾಗಿ ಚಪ್ಪಾಳಿ" ಅಂತ ಮೈಕಿನಾಗ ನಾನೇ ಅಂದೆ.

ನಾಳಿ ಪೇಪರಿನಾಗ ಆ ಫೋಟೋ ಕಂಡ್ರ, ದಯವಿಟ್ಟು ನನ್ನ ಗುರ್ತು ಹಿಡೀಬ್ಯಾಡ್ರಿ.