ಏಣಿಗೆ ಹಾಕಿದ ಕೈ

ಇಚಿಲಂಪಾಡಿಯ ಕುಕ್ಕಪ್ಪನ ಬಲಗೈ ಒಂದು ಕಾಲಕ್ಕೆ ಊರಿಗೇ ಪ್ರಸಿದ್ಧ. ಕಬಡ್ಡಿಯಲ್ಲಿ ಅದು ಯಾರ ಕಾಲು ಹಿಡಿದರೂ ಆ ಕಾಲಿನ ಯಜಮಾನ ಕುಂಟುತ್ತಲೇ ಮನೆಗೆ ಹೋಗಬೇಕು. ಅದೇ ಕೈ ಮುನ್ನೂರು ರಬ್ಬರ್ ಮರಗಳ ತೊಗಟೆಯನ್ನು ಮಗುವಿನ ತಲೆ ಬೋಳಿಸಿದಷ್ಟು ನವಿರಾಗಿ ಕೀಸುತ್ತಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಆ ಕೈಯೇ ಅವನಿಗೆ ಕೈಕೊಟ್ಟಿತು. ಕಟ್ಟಿದ ಮುಷ್ಟಿ ಹದಿನಾಲ್ಕು ತಿಂಗಳು ಬಿಚ್ಚಲಿಲ್ಲ.

ಕಾರಣ ಒಂದು ಕಾಳುಮೆಣಸಿನ ಬಳ್ಳಿ. ಅದರ ಬುಡ ತಮ್ಮ ದುಗ್ಗಪ್ಪನ ಜಾಗದಲ್ಲಿ, ಹಬ್ಬಿದ್ದು ಕುಕ್ಕಪ್ಪನ ಹಲಸಿನ ಮರಕ್ಕೆ. ಗೊಬ್ಬರ ಹಾಕಿದವನು ತಮ್ಮ, ನಿಲ್ಲಲು ಜಾಗ ಕೊಟ್ಟವನು ಅಣ್ಣ. ಬಳ್ಳಿಗೇನೋ ಇಬ್ಬರೂ ಬೇಕಿತ್ತು. ದುಗ್ಗಪ್ಪ ಉದ್ದದ ಬಿದಿರೇಣಿ ಇಟ್ಟು ಹತ್ತಿ ಮೆಣಸು ಕೊಯ್ಯುತ್ತಿದ್ದಾಗ ಕುಕ್ಕಪ್ಪ ಬಂದ.

"ಇಳಿ ಕೆಳಗೆ."

"ನಿನ್ನ ಮರ ನೀನೇ ಇಟ್ಕೊ ಅಣ್ಣ. ನಾನು ನನ್ನ ಬಳ್ಳಿ ಕೊಯ್ಯುದು."

"ಇಳೀತೀಯಾ, ಇಳಿಸ್ಬೇಕಾ?"

"ಇಳಿಸು ನೋಡುವಾ, ಗಂಡಸಾದ್ರೆ."

ಕುಕ್ಕಪ್ಪ ಏಣಿ ಎಳೆದ. ದುಗ್ಗಪ್ಪ ಬೆನ್ನು ಕೆಳಗಾಗಿ ಬಿದ್ದ. ಪಕ್ಕೆಲುಬು ಮುರಿದದ್ದು ಒಣ ಕಟ್ಟಿಗೆ ಮುರಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಆದರೂ ಎದ್ದ, ಸೊಂಟದ ಕತ್ತಿ ಸೆಳೆದ. ಮೊದಲ ಏಟು ಗಾಳಿಗೆ, ಎರಡನೆಯದು ಹಲಸಿಗೆ, ಮೂರನೆಯದು ಅಣ್ಣನ ಮುಂಗೈಗೆ, ಎಲುಬು ಕಾಣುವಷ್ಟು. ಮರದಿಂದ ಬಿಳಿ ಮೇಣ, ಮನುಷ್ಯನಿಂದ ಕೆಂಪು ರಕ್ತ. ಚೆಲ್ಲಿದ ಹಸಿ ಮೆಣಸಿನ ಮೇಲೆ ಎರಡೂ ಇಳಿದವು.

ನೋಡಿದವರು ಯಾರೂ ಇರಲಿಲ್ಲ. ಠಾಣೆಗೆ ಹೋಗಿ ಬಂದ ಮೇಲೆ, ಸತ್ಯ ಯಾರದ್ದೆಂದು ದೈವವೇ ನೋಡಿಕೊಳ್ಳಲಿ ಎಂದು ಹಿರಿಯರು ಪ್ರಮಾಣಕ್ಕೆ ಕರೆದರು. ದೈವಸ್ಥಾನದ ಅಂಗಳದಲ್ಲಿ, ಊರಿನ ನ್ಯಾಯ ತೀರಿಸುವ ಗುತ್ತಿನ ಮನೆಯ ಯಜಮಾನ ಉದಯಶಂಕರ ರೈಗಳ ಎದುರು, ಕುಕ್ಕಪ್ಪ ಬ್ಯಾಂಡೇಜು ಸುತ್ತಿದ ಕೈ ಎತ್ತಿದ.

"ಏಣಿ ಜಾರಿದ್ದು. ನಾನು ಅದಕ್ಕೆ ಕೈ ಹಾಕಿದ್ರೆ ಈ ಕೈ ಮತ್ತೆ ಬಿಚ್ಚದ ಹಾಗೆ ಆಗ್ಲಿ."

ಅಷ್ಟೆಲ್ಲ ಹೇಳಬೇಕೆಂದು ಯಾರೂ ಕೇಳಿರಲಿಲ್ಲ. ಆದರೆ ಕುಕ್ಕಪ್ಪ ಸುಳ್ಳನ್ನೂ ಭದ್ರವಾಗಿ ಕಟ್ಟುವ ಮನುಷ್ಯ. ಊರು ನಂಬಿತು. ದುಗ್ಗಪ್ಪ ಏನೂ ಮಾಡದ ಅಣ್ಣನನ್ನು ಕಡಿದವನಾದ. ಮದುವೆಯೂಟದಲ್ಲಿ ಅವನ ಪಕ್ಕದ ಎಲೆ ಖಾಲಿ ಉಳಿಯತೊಡಗಿತು. ಪ್ರಮಾಣವಾದ ಮೇಲೆ ಎರಡು ಮನೆಗಳ ನಡುವೆ ನೀರು ಕೂಡ ನಿಂತಿತು: ಆ ಮನೆಯ ಒಂದು ಲೋಟ ನೀರನ್ನೂ ಈ ಮನೆಯವರು ಮುಟ್ಟುವ ಹಾಗಿಲ್ಲ.

ಎರಡು ವಾರ ಕಳೆದು ಬ್ಯಾಂಡೇಜು ಬಿಚ್ಚಿದರು. ಒಳಗೆ ಇದ್ದದ್ದು ಮುಷ್ಟಿ.

ದೇವರಿಗೆ ಕೈ ಮುಗಿಯಲೂ ಆಗದು, ಪ್ರಸಾದಕ್ಕೆ ಅಂಗೈ ಒಡ್ಡಲೂ ಆಗದು. ಉಗುರು ಬೆಳೆದು ಮಾಂಸಕ್ಕೆ ಇಳಿಯಿತು. ಹೆಂಡತಿ ಸೇವಂತಿ ಚಮಚದ ಹಿಡಿಯಿಂದ ಬೆರಳು ಮೀಟಿ, ರಕ್ತ ಒರೆಸಿ, ಉಗುರು ಕತ್ತರಿಸುವಳು. ಒಮ್ಮೆ ನೋವು ತಡೆಯದೆ ಕುಕ್ಕಪ್ಪ ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದ. ಅವಳ ತುಟಿ ಒಡೆಯಿತು.

"ಇನ್ನೊಂದು ಸಲ ಹೊಡೆದ್ರೆ ಎಡಗೈಗೂ ಬ್ಯಾಂಡೇಜೇ," ಎಂದಳು ರಕ್ತ ಉಗುಳಿ. "ರಬ್ಬರ್ ಕತ್ತಿ ಈಗ ನನ್ನ ಕೈಲಿ ಉಂಟು, ನೆನಪಿರ್ಲಿ." ಹೌದು, ಮುನ್ನೂರು ಮರಗಳನ್ನೂ ಈಗ ಅವಳೊಬ್ಬಳೇ ಕೀಸುತ್ತಿದ್ದಳು.

ಆಸ್ಪತ್ರೆಯಲ್ಲಿ ಕೈಯನ್ನು ಮತ್ತೊಮ್ಮೆ ಕೊಯ್ದು ನೋಡಿದ್ದಾಯಿತು. ಆಮೇಲೆ ಪುತ್ತೂರಿನಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅಮ್ಮು ಫೈಲು ತಿರುವಿ ಹೇಳಿದಳು: "ಕುಕ್ಕಪ್ಪಣ್ಣ, ಆಪರೇಷನಿಗೆ ಮತ್ತು ಬರಿಸಿದ್ರಲ್ಲ, ಆಗ ಈ ಕೈ ತನ್ನಷ್ಟಕ್ಕೇ ಬಿಚ್ಚಿತ್ತಂತೆ. ಎಚ್ಚರ ಆದ ಕೂಡ್ಲೆ ಪುನಃ ಮುಚ್ಚಿದ್ದು. ನರ ಸರಿ ಉಂಟು."

"ಹಾಗಾದ್ರೆ ನಾನು ನಾಟಕ ಮಾಡುದಾ?"

"ಇಲ್ಲಪ್ಪ. ಮಾಂಸ ತೂತಾಗುವಷ್ಟು ಯಾರು ನಾಟಕ ಮಾಡ್ತಾರೆ? ಎಂತದೋ ಹಿಡ್ಕೊಂಡಿದ್ದೀರಿ. ಅದು ನನ್ನ ಮೆಷಿನಿಗೆ ಕಾಣುದಿಲ್ಲ."

ಮರಳುವ ಬಸ್ಸಿನಲ್ಲಿ ಕುಕ್ಕಪ್ಪ ಬಾಯಿ ಬಿಟ್ಟ. "ಏಣಿ ನಾನೇ ಎಳೆದದ್ದು."

"ಗೊತ್ತುಂಟು," ಎಂದಳು ಸೇವಂತಿ. "ಜಾರಿದ ಏಣಿ ಮರದ ಬುಡದಲ್ಲೇ ಬೀಳ್ತದೆ. ಅದು ಮೂರು ಮಾರು ಆಚೆ ಬಿದ್ದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ದೈವಕ್ಕೆ ಗೊತ್ತುಂಟಲ್ಲ. ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬರುದು?"

ಪ್ರಮಾಣ ಬಿಡಿಸಬೇಕಾದರೆ ಇಬ್ಬರೂ ದೈವಸ್ಥಾನದ ಅದೇ ಅಂಗಳಕ್ಕೆ ಬರಬೇಕು. ಸಂಕ್ರಮಣದ ದಿನ ದುಗ್ಗಪ್ಪ ಬಂದ. ಕತ್ತಿಯನ್ನು ಹೊರಗೇ ಇಡಿಸಿದರು.

"ಕಟ್ಟಿದವನೇ ಬಿಚ್ಚಬೇಕು," ಎಂದರು ರೈಗಳು. "ಹೇಳು ಕುಕ್ಕಪ್ಪ."

"ಏಣಿ ಜಾರಿದ್ದಲ್ಲ. ನಾನು ಎಳೆದದ್ದು. ಅವನು ಸಾಯ್ಲಿ ಅಂತಲೇ ಎಳೆದದ್ದು."

ಕೊನೆಯ ಮಾತು ಮುಗಿಯುವ ಮುಂಚೆ ದುಗ್ಗಪ್ಪನ ಏಟು ಬಿತ್ತು. ಮೂಗು ಒಡೆದು ಬಿಳಿ ಅಂಗಿ ಕೆಂಪಾಯಿತು. ನಾಲ್ಕು ಜನ ಬಿಡಿಸಲು ಓಡಿದರು.

"ನಿಲ್ಲಿ," ಎಂದರು ರೈಗಳು. "ದುಗ್ಗಪ್ಪ ಏಣಿಯಿಂದ ಬಿದ್ದಾಗ ನೀವ್ಯಾರೂ ಓಡಿ ಬಂದಿರ್ಲಿಲ್ಲ."

ಇನ್ನೊಂದು ಏಟು ಕಿವಿಗೆ. ಮತ್ತೊಂದು ಹೊಟ್ಟೆಗೆ. ಕುಕ್ಕಪ್ಪ ಕುಸಿದ, ಎದೆಗೊಂದು ಒದೆ ಬಿತ್ತು. "ಹದಿನಾಲ್ಕು ತಿಂಗಳು!" ಎಂದು ದುಗ್ಗಪ್ಪ ಅಳುತ್ತಲೇ ಒದೆಯುತ್ತಿದ್ದ. "ನನ್ನ ಮಕ್ಕಳ ಜೊತೆ ಯಾರೂ ಆಡ್ಲಿಲ್ಲ, ಗೊತ್ತುಂಟಾ ನಿಂಗೆ?" ಅಂಗಳದಂಚಿನ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿದ. ಈಗ ರೈಗಳೂ ಎದ್ದರು.

ಕುಕ್ಕಪ್ಪ ಮುಖಕ್ಕೆ ಬಲಗೈ ಅಡ್ಡ ಹಿಡಿದ.

ಕಲ್ಲು ಬೀಳಲಿಲ್ಲ. ತಮ್ಮ ಯಾಕೆ ಹಾಗೆ ನಿಂತನೆಂದು ಕುಕ್ಕಪ್ಪನಿಗೆ ತಿಳಿಯಲಿಲ್ಲ. ಆಮೇಲೆ ತಾನೂ ನೋಡಿದ. ಎರಡು ಬೆರಳು ನೆಟ್ಟಗಾಗಿದ್ದವು, ಉಳಿದವು ಅರ್ಧ ಬಿಚ್ಚಿದ್ದವು. ಅಂಗೈಯಲ್ಲಿ ಉಗುರು ಕೊರೆದ ನಾಲ್ಕು ಗುಳಿ.

"ಇದೇ ಕೈಯಾ ಎಳೆದದ್ದು?"

"ಇದೇ."

ದುಗ್ಗಪ್ಪ ಕಲ್ಲನ್ನು ಪಕ್ಕಕ್ಕೆ ಬಿಸಾಡಿದ. ರೈಗಳು ಬಾವಿಯ ನೀರು ತುಂಬಿದ ಚೆಂಬು ತರಿಸಿದರು. ಒಂದೇ ಚೆಂಬಿನಿಂದ ಇಬ್ಬರೂ ಕುಡಿದರೆ ಪ್ರಮಾಣ ಮುಗಿಯಿತು. ದುಗ್ಗಪ್ಪ ಒಂದು ಗುಟುಕು ಕುಡಿದು ಉಳಿದದ್ದನ್ನು ಅಣ್ಣನ ಅಂಗೈಗೆ ಸುರಿದ. ಬಟ್ಟಲಿನಂತೆ ಬಾಗುವುದು ಆ ಬೆರಳುಗಳಿಗೆ ಮರೆತೇಹೋಗಿತ್ತು. ಮುಕ್ಕಾಲು ನೀರು ಸೋರಿಹೋಯಿತು.

"ಸರಿ ಹಿಡಿ ಮಾರಾಯ," ಎಂದ ದುಗ್ಗಪ್ಪ ಮೂಗೊರೆಸಿಕೊಂಡು, ಮತ್ತೆ ಸುರಿಯುತ್ತ. "ಏಣಿ ಹಿಡಿಯುವಾಗ ಎಷ್ಟು ಗಟ್ಟಿ ಇತ್ತು!"